ಕಂಪ್ಯೂಟರಿನ ಕೆಲಸ: ನಮ್ಮದು, ಮಕ್ಕಳದು

ನಮ್ಮ ಉದ್ಯೋಗದ ಹೆಸರನ್ನು ಊರಿನಲ್ಲಿ ಹೇಳಿ ಅರ್ಥ ಮಾಡಿಸುವುದು ನಮ್ಮಿಂದ ಕೊನೆಯವರೆಗೂ ಆಗಲಿಲ್ಲ. ಮುಂಬಯಿಯಲ್ಲಿ ಬ್ಯಾಂಕಿನಲ್ಲಿದ್ದೇನೆ ಎಂದವನಿಗೆ ಕೂರಲು ಕುರ್ಚಿ ಬರುತ್ತಿತ್ತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತೇನೆ ಎಂದವನಿಗೆ ಕುರ್ಚಿಯ ಹಿಂದೆಯೇ ಹೆಣ್ಣಿನ ಜಾತಕವೂ ಬರುತ್ತಿತ್ತು. ನಾವು 'ಸಿಸ್ಟಮ್ಸ್ ಅನಲಿಸ್ಟ್' ಎಂದರೆ ದೊಡ್ಡಮ್ಮಂದಿರು ಒಂದು ಕ್ಷಣ ಸುಮ್ಮನಿದ್ದು, "ಅದು ಎಂತದು ಮಾರಾಯ, ರಕ್ತ ಪರೀಕ್ಷೆ ಮಾಡುವುದೋ?" ಎಂದು ಕೇಳುತ್ತಿದ್ದರು. ಕಂಪ್ಯೂಟರಿನ ಕೆಲಸವೆಂದು ಬಿಡಿಸಿ ಹೇಳಿದರೆ, "ಹಾಗೆ ಹೇಳು, ಟೈಪು ಹೊಡೆಯುವುದು" ಎಂದು ತಾವೇ ಸಮಾಧಾನಪಟ್ಟುಕೊಳ್ಳುತ್ತಿದ್ದರು.

ಈಗ ಅದೇ ಊರುಗಳಲ್ಲಿ ಹೈಸ್ಕೂಲಿನ ಹುಡುಗನಿಗೂ ಈ ಹೆಸರು ಗೊತ್ತು. ಇಲ್ಲಿ ಸಂಘದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ತಂದೆತಾಯಂದಿರು ನಮ್ಮನ್ನು ತಡೆದು ಕೇಳುವುದೂ ಇದನ್ನೇ. ಮಗನನ್ನು ಕಂಪ್ಯೂಟರ್ ಲೈನಿಗೆ ಹಾಕಬಹುದೇ, ಸಂಬಳ ಹೇಗೆ, ಮುಂದಕ್ಕೆ ಭವಿಷ್ಯ ಉಂಟೇ, ಈ 'ಎಐ' ಎಂಬುದು ಬಂದು ಎಲ್ಲವನ್ನೂ ನುಂಗುತ್ತದಂತಲ್ಲ, ನಿಜವೇ? ಕೈಯಲ್ಲಿ ತಟ್ಟೆ ಹಿಡಿದುಕೊಂಡು ಹೇಳಿ ಮುಗಿಸುವ ಉತ್ತರ ಇದಲ್ಲವೆಂದು ಈ ಬರಹ.

ಮೊದಲು ಕೆಲಸವೆಂದರೇನು ಎಂಬುದನ್ನು ಹೇಳಬೇಕು. ಮನೆ ಕಟ್ಟುವಾಗ ಗಾರೆಯವನೂ ಬಡಗಿಯೂ ಬರುವುದಕ್ಕೆ ಮುಂಚೆ ಒಬ್ಬ ಮೇಸ್ತ್ರಿ ಬಂದು ಜಗಲಿಯಲ್ಲಿ ಕೂತು ಯಜಮಾನನನ್ನು ಮಾತಾಡಿಸುತ್ತಾನಷ್ಟೆ. ಮನೆಯಲ್ಲಿ ಎಷ್ಟು ಜನ, ಶ್ರಾದ್ಧಕ್ಕೆ ಎಷ್ಟು ಎಲೆ ಬೀಳುತ್ತದೆ, ಬಾವಿ ಯಾವ ಕಡೆ, ಅಜ್ಜಿಗೆ ಮೆಟ್ಟಿಲು ಹತ್ತಲು ಆಗುತ್ತದೆಯೇ. ಇದನ್ನೆಲ್ಲ ಕೇಳದೆ ಕಟ್ಟಿದ ಮನೆ ನೋಡಲು ಚೆಂದವಾಗಿರುತ್ತದೆ, ವಾಸಕ್ಕೆ ಆಗುವುದಿಲ್ಲ. ಕಂಪ್ಯೂಟರಿನ ಲೋಕದಲ್ಲಿ ಪ್ರೋಗ್ರಾಮರು ಗಾರೆಯವನಾದರೆ ಅನಲಿಸ್ಟ್ ಈ ಮೇಸ್ತ್ರಿ. ಕಚೇರಿಯ ಕೆಲಸ ಈಗ ಹೇಗೆ ನಡೆಯುತ್ತಿದೆ ಎಂಬುದನ್ನು ಅದನ್ನು ಮಾಡುವವರ ಪಕ್ಕದಲ್ಲಿ ಕೂತು ಕೇಳಿ ತಿಳಿದು, ಯಂತ್ರಕ್ಕೆ ಹೇಗೆ ವಹಿಸಬೇಕೆಂದು ಬರೆದುಕೊಡುವುದು ಅವನ ಕೆಲಸ. ಯಂತ್ರದ ಜ್ಞಾನ ಬೇಕು, ನಿಜ. ಅದಕ್ಕಿಂತ ಹೆಚ್ಚಾಗಿ ಕೇಳಿಸಿಕೊಳ್ಳುವ ತಾಳ್ಮೆ ಬೇಕು.

ನಾವು ಈ ಕೆಲಸಕ್ಕೆ ಬಂದದ್ದು ಯೋಜನೆ ಹಾಕಿಕೊಂಡು ಅಲ್ಲ. ನಮ್ಮಲ್ಲಿ ಹೆಚ್ಚಿನವರು ಹಗಲು ಹೋಟೆಲಿನಲ್ಲೋ ಕ್ಯಾಂಟೀನಿನಲ್ಲೋ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿದವರು. ಆಮೇಲೆ ಬೆಳಗಿನ ಕಾಲೇಜಿನಲ್ಲಿ ಬಿ.ಕಾಂ., ಸಂಜೆ ಟೈಪಿಂಗ್ ಕ್ಲಾಸು, ಕೊನೆಗೆ ಯಾವುದೋ ಕಂಪೆನಿಯಲ್ಲಿ ಗುಮಾಸ್ತನ ಕುರ್ಚಿ. ಆ ಕುರ್ಚಿಯೇ ಸ್ವರ್ಗವೆಂದುಕೊಂಡಿದ್ದಾಗ ಕಂಪೆನಿಯವರು ಲೆಕ್ಕದ ಯಂತ್ರ ತರಿಸಿದರು. ಒಳಗಿನವರಿಗೇ ಒಂದು ಪರೀಕ್ಷೆ ಕೊಟ್ಟು ಹತ್ತು ಜನರನ್ನು ಆರಿಸಿ ತರಬೇತಿಗೆ ಕಳುಹಿಸಿದರು. 1974ರಲ್ಲಿ ನಮ್ಮ ಕಾರ್ಖಾನೆಯ ಗುಮಾಸ್ತನಿಗೆ ತಿಂಗಳಿಗೆ 400 ಚಿಲ್ಲರೆ ಬರುತ್ತಿದ್ದರೆ ನಮಗೆ 650 ಬಂದಿತು. ಚಾಳಿನಲ್ಲಿ ಅದು ದೊಡ್ಡ ಸುದ್ದಿ.

ಯಂತ್ರದ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಿತ್ತು, ದೇವಸ್ಥಾನಕ್ಕೆ ಹೋದ ಹಾಗೆ. ಧೂಳು ಬೀಳಬಾರದು. ಗುಮಾಸ್ತರು ಕೂರುವ ಹಾಲಿನಲ್ಲಿ ನಲವತ್ತು ಜನಕ್ಕೆ ಆರು ಫ್ಯಾನು, ಯಂತ್ರಕ್ಕೆ ಹವಾನಿಯಂತ್ರಣ. ಅದರಲ್ಲಿ ನಮಗೂ ಸ್ವಲ್ಪ ತಂಪು ಸಿಗುತ್ತಿತ್ತೆನ್ನಿ. 80 ಕಾಲಮಿನ ಕಾರ್ಡುಗಳಲ್ಲಿ ತೂತು ಹೊಡೆದು ಯಂತ್ರಕ್ಕೆ ಉಣಿಸುವ ಕಾಲ ಅದು. ಸಾಲಾಗಿ ಕೂತ ಹೆಣ್ಣುಮಕ್ಕಳು ಇಡೀ ದಿನ ಕಾರ್ಡು ಪಂಚ್ ಮಾಡುತ್ತಿದ್ದರು. ಇನ್ನೊಂದು ಸಾಲಿನವರು ಅದನ್ನೇ ಮತ್ತೆ ಹೊಡೆದು ಸರಿಯಿದೆಯೇ ನೋಡುತ್ತಿದ್ದರು. ಜುಲೈ ತಿಂಗಳ ಮಳೆಗೆ ಕಾರ್ಡು ನೀರು ಹೀರಿ ಉಬ್ಬಿ ಯಂತ್ರದೊಳಗೆ ಸಿಕ್ಕಿಕೊಳ್ಳುತ್ತಿದ್ದುವು. ನಮ್ಮದು ಕೆಟ್ಟರೆ ಬೇರೆ ಕಂಪೆನಿಯ ಯಂತ್ರವನ್ನು ರಾತ್ರಿಯ ಕಡಿಮೆ ದರಕ್ಕೆ ಬಾಡಿಗೆ ಹಿಡಿದು, ಕಾರ್ಡಿನ ಟ್ರೇಗಳನ್ನು ಟ್ಯಾಕ್ಸಿಯಲ್ಲಿ ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆವು. ರಾತ್ರಿ ಪಾಳಿಯೆಂಬುದು ಅಮೆರಿಕದ ದೆಸೆಯಿಂದ ಬಂದದ್ದೆಂದು ಈಗಿನ ಮಕ್ಕಳು ತಿಳಿದಿದ್ದಾರೆ. ನಾವು ಮಿಲ್ಲಿನವರ ಜೊತೆ ಬೆಳಗಿನ ಮೊದಲ ಲೋಕಲಿನಲ್ಲಿ ಮನೆಗೆ ಬಂದವರು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ಇನ್ನು ನಮ್ಮ ಗತಿಯೇನೆಂದು ಮನೆಮನೆಯಲ್ಲೂ ಚಿಂತೆಯಾಗಿತ್ತು. ಆ ಯಂತ್ರಗಳ ದುರಸ್ತಿಯ ಹೊಣೆ ಸರಕಾರದ ಸಿಎಂಸಿ ಸಂಸ್ಥೆಗೆ ಬಂದಿತು, ಯಂತ್ರಗಳೂ ನಾವೂ ಉಳಿದೆವು.

ನಮಗೆ ವಹಿಸಿದ ಮೊದಲ ದೊಡ್ಡ ಕೆಲಸ ಕಾರ್ಖಾನೆಯ ಸಂಬಳ ಪಟ್ಟಿ. ನಿಯಮಗಳೆಲ್ಲ ಪುಸ್ತಕದಲ್ಲಿವೆ, ತುಟ್ಟಿಭತ್ಯೆಗೆ ಸೂಚ್ಯಂಕ ಇದೆ, ಪ್ರಾವಿಡೆಂಟ್ ಫಂಡಿಗೆ ಕಾನೂನಿದೆ, ಓವರ್‌ಟೈಮಿಗೆ ದರವಿದೆ, ಇನ್ನೇನು ಕಷ್ಟ ಎಂದುಕೊಂಡು ಸಂಬಳ ವಿಭಾಗದ ಹೆಡ್ ಕ್ಲಾರ್ಕಿನ ಮೇಜಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆವು. ಅವರು ರತ್ನಾಗಿರಿ ಕಡೆಯವರು, ಇಪ್ಪತ್ತೆಂಟು ವರ್ಷ ಅದೇ ಮೇಜಿನಲ್ಲಿ ಸವೆದವರು. ಎರಡು ದಿನದಲ್ಲಿ ಪುಸ್ತಕ ಮುಗಿಯಿತು. ಆಮೇಲೆ ಎರಡು ತಿಂಗಳು ಪುಸ್ತಕದಲ್ಲಿಲ್ಲದ್ದನ್ನು ಬರೆದುಕೊಂಡೆವು. ಗಣಪತಿ ಹಬ್ಬಕ್ಕೆ ಕೊಂಕಣಕ್ಕೆ ಹೋಗುವವರಿಗೆ ಮುಂಗಡ ಕೊಡುವುದುಂಟು, ಅದನ್ನು ಹತ್ತು ಕಂತಿನಲ್ಲಿ ಹಿಡಿಯುವುದುಂಟು, ದೀಪಾವಳಿಯ ತಿಂಗಳು ಮಾತ್ರ ಕಂತು ಬಿಡುವುದುಂಟು. ಫೌಂಡ್ರಿಯ ಒಬ್ಬ ಕುಡುಕನ ಸಂಬಳದಲ್ಲಿ ಅರ್ಧವನ್ನು ಗೇಟಿನ ಹತ್ತಿರ ಅವನ ಹೆಂಡತಿಯ ಕೈಗೇ ಕೊಡಬೇಕು. ಹಿಂದಿನ ಮ್ಯಾನೇಜರು ಬಾಯಿಮಾತಿನಲ್ಲಿ ಹೇಳಿದ್ದು, ಹನ್ನೊಂದು ವರ್ಷದಿಂದ ಹಾಗೆಯೇ ನಡೆದುಬಂದಿದೆ, ಎಲ್ಲಿಯೂ ಬರೆದಿಲ್ಲ. ಒಂದೇ ಹೆಸರಿನ ಮೂವರಲ್ಲಿ ಯಾರ ಹೆಬ್ಬೆಟ್ಟು ಯಾವುದೆಂದು ಆ ಹೆಡ್ ಕ್ಲಾರ್ಕು ಕಾಗದ ನೋಡಿಯೇ ಹೇಳುತ್ತಿದ್ದರು. ನಮ್ಮ ಹಸುರು ಪ್ಲಾಸ್ಟಿಕ್ಕಿನ ಅಚ್ಚು ಇಟ್ಟು ಚೌಕ, ವಜ್ರಾಕೃತಿ ಎಳೆಯುತ್ತ ಹೋದಂತೆ ಒಂದು ಗೋಡೆಯ ತುಂಬ ನಕ್ಷೆಯಾಯಿತು.

ಒಂದು ಮಧ್ಯಾಹ್ನ ಅವರು ಚಹಾದ ಬಶಿಯನ್ನು ನಮ್ಮ ಕಡೆ ಸರಿಸಿ, "ಸಾಹೇಬ, ಇದೆಲ್ಲ ಬರೆದುಕೊಂಡು ಮುಗಿದ ಮೇಲೆ ನಾನು ಏನು ಮಾಡಬೇಕು?" ಎಂದು ಮರಾಠಿಯಲ್ಲಿ ಕೇಳಿದರು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿಯಬೇಕೆಂದು. ಯಾರ ಕೆಲಸವೂ ಹೋಗುವುದಿಲ್ಲವೆಂದು ಯೂನಿಯನ್ನಿಗೆ ಬರಹದಲ್ಲಿ ಕೊಟ್ಟಿದ್ದಾರೆ ಎಂದೆವು. ಅದು ಸುಳ್ಳಾಗಲಿಲ್ಲ. ಒಬ್ಬರನ್ನೂ ಮನೆಗೆ ಕಳುಹಿಸಲಿಲ್ಲ. ಆದರೆ ಅವರು ನಿವೃತ್ತರಾದಾಗ ಆ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಲಿಲ್ಲ. ಅವರ ಕೈಕೆಳಗಿನ ಹದಿನಾಲ್ಕು ಜಾಗಗಳೂ ಒಂದೊಂದಾಗಿ ಹಾಗೆಯೇ ಖಾಲಿಯಾಗಿ ಅಳಿದುವು. ಪಂಚ್ ಮಾಡುವ ಹೆಣ್ಣುಮಕ್ಕಳ ಸಾಲು, ಮೇಜಿನ ಮೇಲೆಯೇ ಕೀಲಿಮಣೆ ಬಂದ ಮೇಲೆ, ಇನ್ನೂ ಬೇಗ ಹೋಯಿತು.

ನಮ್ಮವರ ಮಟ್ಟಿಗೆ ಆ ಹದಿನಾಲ್ಕು ಜಾಗಗಳೆಂದರೆ ಏನೆಂಬುದನ್ನು ಯೋಚಿಸಬೇಕು. ಊರಿನಿಂದ ಬಸ್ಸಿನಲ್ಲಿ ಬಂದಿಳಿದ ಹುಡುಗ ಮುಂಬಯಿಯೊಳಕ್ಕೆ ಕಾಲಿಡುತ್ತಿದ್ದ ಬಾಗಿಲುಗಳು ಎರಡೇ: ಒಂದು ಹೋಟೆಲಿನ ಅಡಿಗೆಮನೆ, ಇನ್ನೊಂದು ಗುಮಾಸ್ತನ ಕುರ್ಚಿ. ನಾವು ಎರಡನೆಯ ಬಾಗಿಲಿನಿಂದ ಬಂದವರು, ಅದನ್ನು ಚಿಕ್ಕದು ಮಾಡುವ ನಕ್ಷೆಯನ್ನು ಎಳೆದವರೂ ನಾವೇ. ನಾವು ಎಳೆಯದಿದ್ದರೆ ಬೇರೆ ಯಾರಾದರೂ ಎಳೆಯುತ್ತಿದ್ದರು ಎಂಬುದೂ ಅಷ್ಟೇ ಸರಿ.

ಬ್ಯಾಂಕುಗಳಲ್ಲಿ ಈ ಮಾತು ಬೀದಿಗೇ ಬಂದಿತು. ಸಿಂಡಿಕೇಟ್, ಕೆನರಾ, ವಿಜಯ, ಕಾರ್ಪೊರೇಷನ್, ಈ ನಾಲ್ಕೂ ಅಂದಿನ ದಕ್ಷಿಣ ಕನ್ನಡದಲ್ಲಿ ಹುಟ್ಟಿ ಊರೂರಿಗೆ ನಮ್ಮ ಹುಡುಗರನ್ನು ಕರೆದುಕೊಂಡು ಹೋದ ಬ್ಯಾಂಕುಗಳು. ಕಂಪ್ಯೂಟರಿನ ವಿರುದ್ಧ ಘೋಷಣೆ ಕೂಗಿದವರಲ್ಲಿಯೂ ನಮ್ಮವರಿದ್ದರು, ಕಂಪ್ಯೂಟರ್ ಹಾಕಿಸಿದವರಲ್ಲಿಯೂ ನಮ್ಮವರಿದ್ದರು. ಒಂದೇ ಮದುವೆಯ ಪಂಕ್ತಿಯಲ್ಲಿ ಎರಡು ಪಕ್ಷದವರೂ ಎದುರುಬದುರು ಕೂತು ಪಾಯಸ ಉಂಡದ್ದುಂಟು. 1983ರಲ್ಲಿ ನೌಕರರ ಸಂಘಗಳೂ ಆಡಳಿತದವರೂ ಒಪ್ಪಂದ ಮಾಡಿಕೊಂಡ ಮೇಲೆಯೇ ಮಿತಿಯೊಳಗೆ ಯಂತ್ರ ಬರಲು ದಾರಿಯಾಯಿತು. ಮರುವರ್ಷ ರಿಸರ್ವ್ ಬ್ಯಾಂಕಿನ ರಂಗರಾಜನ್ ಸಮಿತಿ ಅದಕ್ಕೆ ಕ್ರಮ ಹಾಕಿಕೊಟ್ಟಿತು. ಜಗಳವಾಡಿದ್ದರಿಂದ ಒಂದು ಲಾಭವಾಯಿತು. ಬದಲಾವಣೆ ಹದಿನೈದು ಇಪ್ಪತ್ತು ವರ್ಷಗಳಲ್ಲಿ ಹರಡಿಕೊಂಡಿತು, ಮಧ್ಯವಯಸ್ಸಿನ ಗುಮಾಸ್ತ ಬೀದಿಗೆ ಬೀಳಲಿಲ್ಲ. ಆ ನಾಲ್ಕರಲ್ಲಿ ಕೆನರಾ ಬಿಟ್ಟರೆ ಉಳಿದ ಮೂರು ಹೆಸರುಗಳು 2019-20ರ ವಿಲೀನಗಳಲ್ಲಿ ಅಳಿದುವು. ಅದು ಬೇರೆ ಕಥೆ.

ಹಾಗೆಂದು ಕಂಪ್ಯೂಟರು ನಮಗೆ ಬರೀ ಕೇಡು ಮಾಡಿತೆಂದು ಯಾರೂ ಹೇಳಬಾರದು. ಮೇ ತಿಂಗಳಲ್ಲಿ ಊರಿಗೆ ಹೋಗಲು ರೈಲ್ವೆ ಟಿಕೆಟಿಗಾಗಿ ರಾತ್ರಿಯೇ ಚಾಪೆ ಹಾಸಿ ಸಾಲಿನಲ್ಲಿ ಮಲಗಿದವರು, ಈ ಗಾಡಿಗೆ ಈ ಕಿಟಕಿಯಲ್ಲ ಎಂದು ಬೈಸಿಕೊಂಡವರು ಇದನ್ನು ಓದುತ್ತಿರಬಹುದು. 1980ರ ದಶಕದ ನಡುವಿನಲ್ಲಿ ದೆಹಲಿಯಿಂದ ಮೊದಲಾಗಿ ಟಿಕೆಟು ಕಾದಿರಿಸುವುದು ಕಂಪ್ಯೂಟರಿಗೆ ಬಂದಾಗ ಯಾವ ಕಿಟಕಿಯಲ್ಲಿ ನಿಂತರೂ ಯಾವ ಗಾಡಿಯ ಟಿಕೆಟೂ ದೊರೆಯುವಂತಾಯಿತು. ಅದನ್ನು ಮಾಡಿದ್ದು ಸಿಎಂಸಿಯ ಜನ. ಮೇಲ್ನೋಟಕ್ಕೆ ಸುಲಭವೆಂದು ಕಾಣುವ ಆ ಕಿಟಕಿಯ ಹಿಂದೆ ಎಷ್ಟು ಕೋಟಾ, ಎಷ್ಟು ರಿಯಾಯಿತಿ, ಎಷ್ಟು ಬಗೆಯ ಬೋಗಿ! ಒಬ್ಬೊಬ್ಬ ರಿಸರ್ವೇಷನ್ ಗುಮಾಸ್ತನ ತಲೆಯಲ್ಲಿದ್ದದ್ದನ್ನು ಹೊರಗೆ ತೆಗೆದವರು ಅನಲಿಸ್ಟರು.

ಮುಂದಿನದು ಎಲ್ಲರಿಗೂ ತಿಳಿದ ಸಂಗತಿ. 1973ರಲ್ಲಿ ಅಂಧೇರಿಯ ಸೀಪ್ಜ್ ಆಯಿತು, ಹೊರದೇಶಕ್ಕೆ ಸಾಫ್ಟ್‌ವೇರು ಹೊರಟಿತು. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿ ಆರಂಭಿಸಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಹೋಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೇ ಬಂದಿತು. ಕಿಯೋನಿಕ್ಸಿನ ಆರ್. ಕೆ. ಬಾಳಿಗರು 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಬಯಲಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿ ಎಂದಾಗ ನಕ್ಕವರೇ ಹೆಚ್ಚಂತೆ. 2000ನೆಯ ಇಸವಿ ಹತ್ತಿರ ಬಂದಾಗ, ವರ್ಷಕ್ಕೆ ಎರಡೇ ಅಂಕೆ ಬರೆದ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ತಿದ್ದಲು ನಮ್ಮಂಥ ಮುದುಕರಿಗೂ ಒಮ್ಮೆ ಬೆಲೆ ಬಂದಿತು. ಕೆಲಸವಿಲ್ಲವೆಂದು ನಾವು ಬಿಟ್ಟುಬಂದ ರಾಜ್ಯಕ್ಕೆ ನಮ್ಮ ಮಕ್ಕಳು ಕೆಲಸ ಹುಡುಕಿಕೊಂಡು ಹೋದರು. ಡೊಂಬಿವಿಲಿಯಲ್ಲಿ ಹುಟ್ಟಿ ಮರಾಠಿಯಲ್ಲಿ ಜಗಳವಾಡಲು ಕಲಿತ ಹುಡುಗ ಬೆಂಗಳೂರಿನಲ್ಲಿ ಆಟೋದವನೊಡನೆ ತಡವರಿಸುತ್ತ ಕನ್ನಡ ಮಾತಾಡಿದರೆ, "ಸಾರ್ ಯಾವ ಊರು, ಹೊರಗಿನವರಾ?" ಎಂದು ಕೇಳಿಸಿಕೊಳ್ಳುತ್ತಾನೆ. ಮನೆಯಲ್ಲಿ ಕನ್ನಡ ಓದಲು ಕಲಿಸಿದವರ ಮಕ್ಕಳಿಗೆ ಅಲ್ಲಿ ಬಸ್ಸಿನ ಬೋರ್ಡಾದರೂ ಓದಲು ಬರುತ್ತದೆ.

ಇನ್ನು ಸಂಬಳದ ವಿಷಯ. ದೊಡ್ಡ ಕಂಪೆನಿಗಳು ಕಾಲೇಜಿನಿಂದ ನೇರವಾಗಿ ತೆಗೆದುಕೊಳ್ಳುವ ಸಾಮಾನ್ಯ ಎಂಜಿನಿಯರಿಗೆ ವರ್ಷಕ್ಕೆ ಮೂರು, ಮೂರೂವರೆ ಲಕ್ಷ ಕೊಡುತ್ತವೆ. ಹತ್ತು ವರ್ಷಗಳ ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಕೊಡುತ್ತಿದ್ದುವು. ಮನೆಬಾಡಿಗೆ ಅಲ್ಲಿಯೇ ನಿಂತಿದೆಯೇ? ಕೈಗೆ ಬರುವ ಇಪ್ಪತ್ತು ಚಿಲ್ಲರೆ ಸಾವಿರದಲ್ಲಿ ಐರೋಲಿಯಲ್ಲೋ ಹಿಂಜವಡಿಯಲ್ಲೋ ನಾಲ್ವರು ಸೇರಿ ಒಂದು ಮನೆ ಹಿಡಿಯಬೇಕು. ನಾಲ್ಕು ವರ್ಷದ ಎಂಜಿನಿಯರಿಂಗ್ ಶುಲ್ಕಕ್ಕೆ ಊರಿನ ತೋಟ ಅಡವಿಟ್ಟವರು ಈ ಲೆಕ್ಕವನ್ನು ಮೊದಲೇ ಹಾಕಬೇಕು. ಎಂಟು ಹತ್ತು ವರ್ಷ ನಿಂತು, ಬ್ಯಾಂಕು, ವಿಮೆ, ಆಸ್ಪತ್ರೆ ಹೀಗೆ ಒಂದು ಕ್ಷೇತ್ರವನ್ನು ಚೆನ್ನಾಗಿ ತಿಳಿದು ಅನಲಿಸ್ಟ್ ಆದವರಿಗೆ ಸಂಬಳ ಚೆನ್ನಾಗಿಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಅಮೆರಿಕದಲ್ಲಿ ಇದೇ ಕೆಲಸದ ಮಧ್ಯಮ ಸಂಬಳ 2023ರಲ್ಲಿ ವರ್ಷಕ್ಕೆ ಲಕ್ಷ ಡಾಲರಿಗಿಂತ ಸ್ವಲ್ಪ ಹೆಚ್ಚಿತ್ತೆಂದು ಅಲ್ಲಿನ ಸರಕಾರದ ಲೆಕ್ಕ. ಆದರೆ 1990ರ ಕಾನೂನಿನಿಂದ ಬಂದ ಎಚ್-1ಬಿ ವೀಸಾದ ಹೊಸ ಅರ್ಜಿಗೆ 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಅಧ್ಯಕ್ಷರು ಒಂದು ಲಕ್ಷ ಡಾಲರ್ ಶುಲ್ಕ ಹಾಕಿದರು. ಆ ದಾರಿಯನ್ನು ನೆಚ್ಚಿಕೊಂಡು ಮನೆಯ ಬಜೆಟ್ ಮಾಡಬಾರದು.

ದುಡಿಮೆಯ ಹೊತ್ತು ನಮಗೆ ಹೆಚ್ಚಿನ ಚಿಂತೆ. ಬೇಸಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತೂವರೆಯಾದರೆ ಇಲ್ಲಿ ಸಂಜೆಯ ಏಳು. ಅವರಿಗೆ ಕಾಫಿಯ ಹೊತ್ತು, ನಮ್ಮ ಮಕ್ಕಳಿಗೆ ಊಟ ಬಿಟ್ಟು ಮೀಟಿಂಗಿಗೆ ಕೂರುವ ಹೊತ್ತು. ಕೋವಿಡಿನ ಮೇಲೆ ಅದು ಮನೆಯೊಳಗೇ ಬಂದಿತು. ನಾನೂರೈವತ್ತು ಚದರಡಿಯ ಮನೆಯಲ್ಲಿ ಮಗ ಮೀಟಿಂಗಿನಲ್ಲಿದ್ದರೆ ತಾಯಿ ಒಗ್ಗರಣೆ ಹಾಕಲು ಕಾಯಬೇಕು, ಸಾಸಿವೆಯ ಸದ್ದು ಚಿಕಾಗೊದವರೆಗೆ ಕೇಳುತ್ತದೆ. ಕತ್ತು ನೋವು, ಮಣಿಕಟ್ಟಿನ ನೋವು, ಮೂವತ್ತಕ್ಕೆ ಬಿ.ಪಿ. ಮಾತ್ರೆ ಇವೆಲ್ಲ ಮನೆಮನೆಯಲ್ಲಿ ಕಾಣುವುದೇ. ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗೆ 'ಬೆಂಚಿ'ನಲ್ಲಿ ಕೂರಿಸುತ್ತಾರೆ. ಬಿಡಬೇಕೆಂದರೆ ಮೂರು ತಿಂಗಳ ನೋಟೀಸು ಕೊಡಬೇಕು, ತೆಗೆಯಬೇಕೆಂದರೆ ಅವರಿಗೆ ಒಂದು ಮಧ್ಯಾಹ್ನ ಸಾಕು. ಕರ್ನಾಟಕ ಸರಕಾರವು ಐಟಿ ಕಂಪೆನಿಗಳಿಗೆ ಸ್ಥಾಯಿ ಆದೇಶಗಳ ಕಾನೂನಿನಿಂದ 2014ರಲ್ಲಿ ಕೊಟ್ಟ ವಿನಾಯಿತಿಯನ್ನು ಆಮೇಲೆಯೂ ಮುಂದುವರಿಸಿತು. 2024ರ ಜುಲೈಯಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಬಹುದೆಂಬ ಸೂಚನೆ ಬಂದಾಗ ನೌಕರರ ಸಂಘ ಪ್ರತಿಭಟನೆಗೆ ಇಳಿಯಿತು. ನಮ್ಮ ಹೆಡ್ ಕ್ಲಾರ್ಕಿಗೆ ಕೇಳಲು ಒಂದು ಯೂನಿಯನ್ ಇತ್ತು. ಆಫೀಸರುಗಳೆಂದು ಕರೆಸಿಕೊಂಡ ನಮಗೆ ಇರಲಿಲ್ಲ, ನಮ್ಮ ಮಕ್ಕಳಲ್ಲಿ ಬಹುಪಾಲು ಜನಕ್ಕೆ ಈಗಲೂ ಇಲ್ಲ.

ಕಡೆಯದಾಗಿ ಎಐ. ಪ್ರೋಗ್ರಾಮು ಬರೆಯುವ ಕೆಲಸದಲ್ಲಿ ದೊಡ್ಡ ಪಾಲನ್ನು ಯಂತ್ರವೇ ಮಾಡತೊಡಗಿರುವುದು ನಿಜ. ದೇಶದ ಅತಿ ದೊಡ್ಡ ಸಾಫ್ಟ್‌ವೇರ್ ಕಂಪೆನಿಯೇ 2025ರ ಜುಲೈಯಲ್ಲಿ ಸುಮಾರು 12,000 ಜನರನ್ನು, ಹೆಚ್ಚಾಗಿ ಮಧ್ಯಮ ಮತ್ತು ಮೇಲಿನ ದರ್ಜೆಯವರನ್ನು, ಬಿಡುವುದಾಗಿ ಹೇಳಿತು. ಅನಲಿಸ್ಟರ ಕೆಲಸ ಹೋಗುವುದೇ ಎಂದರೆ ನಮಗೆ ಹಾಗೆ ಕಾಣುವುದಿಲ್ಲ. ಕುಡುಕನ ಹೆಂಡತಿಯ ಸಂಗತಿ ಯಾವ ಯಂತ್ರದೊಳಗೂ ಇಲ್ಲ, ಯಾರಾದರೂ ಸ್ಟೂಲು ಹಾಕಿಕೊಂಡು ಕೂತು ಕೇಳಬೇಕು. ನಮ್ಮ ಹೆದರಿಕೆ ಬೇರೆ. ಯಾರೂ ಹುಟ್ಟುತ್ತಲೇ ಅನಲಿಸ್ಟ್ ಆಗುವುದಿಲ್ಲ. ನಾಲ್ಕು ವರ್ಷ ಕೆಳಗಿನ ಚಿಲ್ಲರೆ ಕೆಲಸ ಮಾಡಿ, ತಪ್ಪು ತಿದ್ದಿಸಿಕೊಂಡು ಮೇಲೆ ಬರುತ್ತಾರೆ. ಆ ಚಿಲ್ಲರೆ ಕೆಲಸವನ್ನೇ ಯಂತ್ರಕ್ಕೆ ಕೊಟ್ಟರೆ ಹೊಸಬರು ಎಲ್ಲಿಂದ ಹತ್ತಬೇಕು? ಗುಮಾಸ್ತನ ಹದಿನಾಲ್ಕು ಕುರ್ಚಿಗಳು ಹೋದಾಗ ನಮ್ಮ ಮಕ್ಕಳಿಗೆ ಪ್ರೋಗ್ರಾಮರಿನ ಕುರ್ಚಿ ಸಿಕ್ಕಿತು. ಈ ಕುರ್ಚಿಯ ಬದಲು ಏನು ಸಿಗುತ್ತದೆಂದು ಕೇಳುವ ತಂದೆತಾಯಂದಿರಿಗೆ ನಾವು ಇಷ್ಟೇ ಹೇಳುತ್ತಿದ್ದೇವೆ: ಬರೀ ಒಂದು ಕಂಪ್ಯೂಟರ್ ಭಾಷೆ ಕಲಿಸಿ ನಿಲ್ಲಿಸಬೇಡಿ. ಲೆಕ್ಕಪತ್ರವೋ, ಆಸ್ಪತ್ರೆಯ ಆಡಳಿತವೋ, ಸರಕು ಸಾಗಣೆಯೋ, ಬೇರೊಂದು ಕೆಲಸವನ್ನೂ ಕಲಿಯಲಿ. ಸಂಬಂಧಿಕರ ಹೋಟೆಲಿದ್ದರೆ ರಜೆಯಲ್ಲಿ ಒಂದು ತಿಂಗಳು ಉಗ್ರಾಣದ ಲೆಕ್ಕ ಬರೆಯಲಿ. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮೊದಲು ನೋಟೀಸಿನ ಷರತ್ತನ್ನೂ ಬಾಂಡನ್ನೂ ತಿಳಿದವರಿಗೆ ತೋರಿಸಲಿ.

ನಮ್ಮಲ್ಲೊಬ್ಬರ ಮಗಳು ಠಾಣೆಯಲ್ಲಿದ್ದಾಳೆ, ಇದೇ ಉದ್ಯೋಗ. ಹೋದ ವರ್ಷ ಒಂದು ಆಸ್ಪತ್ರೆಯ ಬಿಲ್ಲಿನ ವ್ಯವಸ್ಥೆ ಅವಳ ಪಾಲಿಗೆ ಬಂದಿತ್ತು. ಬಿಲ್ಲಿಂಗ್ ಕೌಂಟರಿನ ಹಿಂದೆ ಎಂಟು ದಿನ ಕೂತಳು. ರೋಗಿ ತೀರಿಹೋದಾಗ ಬಿಲ್ಲು ಪಾವತಿಯಾಗುವ ಮೊದಲೇ ದೇಹವನ್ನು ಬಿಟ್ಟುಕೊಡಲು ಅಲ್ಲಿಯ ಹಿರಿಯ ನರ್ಸು ಯಾರಿಗೆ ಫೋನು ಮಾಡುತ್ತಾಳೆ, ಏನೆಂದು ಬರೆದಿಡುತ್ತಾಳೆ ಎಂಬುದೆಲ್ಲ ಆ ಎಂಟು ದಿನದಲ್ಲಿ ತಿಳಿಯಿತು. ವಾರದ ಕೊನೆಗೆ ಕಂಪೆನಿಯ ಟೈಮ್‌ಶೀಟು ತುಂಬುವಾಗ ನರ್ಸಿನ ಪಕ್ಕದಲ್ಲಿ ಕೂತದ್ದಕ್ಕೆ ಯಾವ ಸಂಕೇತವೂ ಸಿಗಲಿಲ್ಲ. 'ಇತರೆ' ಎಂದು ಹಾಕಿದಳು. ಅರವತ್ತನಾಲ್ಕು ಗಂಟೆಯ 'ಇತರೆ' ಎಂದರೇನೆಂದು ಮೇಲಿನವರು ವಿವರಣೆ ಕೇಳಿದರು. ಅಪ್ಪ ಮಗಳು ಊಟದ ಮೇಜಿನ ಮೇಲೆ ಒಂದು ಪುಟ ಬರೆದು ಕಳುಹಿಸಿದರಂತೆ. ಆ ಗಂಟೆಗಳನ್ನು ಒಪ್ಪಿಕೊಂಡರು. ಮುಂದಿನ ಸಲ ಮೊದಲೇ ಅನುಮತಿ ಪಡೆಯಬೇಕೆಂದು ಕೆಳಗೆ ಒಂದು ಸಾಲು ಬಂದಿತ್ತು.